ದನದ ಡಾಕ್ಟರು ಕಟ್ಟಿದ ಹವಾ ಗಾಲಿ

ಬೈಲಹೊಂಗಲದಿಂದ ಸವದತ್ತಿ ಕಡೆ ಹೊರಟ ಕಾರಿನ ಹಿಂದಿನ ಗಾಲಿಗೆ ಒಂದು ಸ್ಕ್ರೂ ಹೊಕ್ಕಿದೆ ಅಂತ ಇಟ್ಕೊಳ್ರಿ. ತಲೆ ಮಾತ್ರ ಹೊಳೀತಾ ಕಾಣ್ತದೆ. ಟೈರು ಇನ್ನೂ ಕುಂತಿಲ್ಲ. ಕಾರಿನಲ್ಲಿದ್ದ ನಾಲ್ಕು ಮಂದಿಯಲ್ಲಿ ಇಬ್ಬರು ಅದನ್ನು ಈಗಿಂದೀಗ ಕಿತ್ತು ಒಗೀಬೇಕು ಅಂತಾರೆ, ಒಬ್ಬ ಮುಟ್ಟಲೇಬೇಡ್ರಿ ಅಂತಾನೆ, ನಾಲ್ಕನೆಯವ ಫೋಟೋ ಹೊಡೀತಾನೆ. ಇವರಲ್ಲಿ ಯಾರ ಮಾತು ಕೇಳಬೇಕು ಅನ್ನೋದು ಗೊತ್ತಾಗಬೇಕಾದರೆ ಮೊದಲು ಒಬ್ಬ ದನದ ಡಾಕ್ಟರ ಕಥೆ ಕೇಳಬೇಕು. ಗಾಲಿಯೊಳಗೆ ಹವಾ ತುಂಬಿ, ಅದು ಓಡ್ತದೆ ಅಂತ ಲೋಕಕ್ಕೆಲ್ಲ ತೋರಿಸಿದವರು ಅವರು. ಅವರು ಕಟ್ಟಿದ ಮೊದಲ ಟೈರಿಗೆ ಇದೇ ಸ್ಕ್ರೂ ಹೊಕ್ಕಿದ್ದರೆ ಗಂಟೆಗಟ್ಟಲೆ ರಿಪೇರಿ ಮಾಡಬೇಕಾಗ್ತಿತ್ತು.

ಹೆಸರು ಜಾನ್ ಬಾಯ್ಡ್ ಡನ್‌ಲಪ್. ಹೆಸರು ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಬಹಳ ಮಂದಿ ಡನ್‌ಲಪ್ ಅಂದ್ರೆ ಬರೀ ಕಂಪನಿ ಅಂದ್ಕೊಂಡಿರ್ತಾರೆ.

ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಅನ್ನೋ ಊರಲ್ಲಿ, ಒಕ್ಕಲುತನದ ಮನೆಯಲ್ಲಿ. ತಾನು ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು, ಹಾಗಾಗಿ ತನ್ನ ಮೈ ಗಟ್ಟಿಯಿಲ್ಲ ಅನ್ನೋ ನಂಬಿಕೆ ಅವರ ತಲೆಯಲ್ಲಿ ಕೂತುಬಿಟ್ಟಿತ್ತಂತೆ. ಜೀವನಪೂರ್ತಿ ಮೈ ಜೋಪಾನ ಮಾಡ್ಕೊಂಡೇ ಇದ್ದರು. ಹಾಗೆ ಅಂಜಿಕೊಂಡೇ 81 ವರ್ಷ ಬಾಳಿದರು, ಅದು ಬೇರೆ ಮಾತು. ಎಡಿನ್‌ಬರ್ಗಿನ ಪಶುವೈದ್ಯ ಕಾಲೇಜಿನಲ್ಲಿ ಓದಿ, 19ನೆಯ ವಯಸ್ಸಿಗೇ ಡಾಕ್ಟರಾದರು. ಅಂದ್ರೆ ನಾವು ಥರ್ಡ್ ಸೆಮ್ ಬ್ಯಾಕ್ ಲಾಗ್ ಲೆಕ್ಕ ಹಾಕೋ ವಯಸ್ಸಿನಲ್ಲಿ ಅವರು ಕುದುರೆಗೆ ಔಷಧ ಕೊಡ್ತಿದ್ದರು.

1867ರಲ್ಲಿ ಐರ್ಲೆಂಡಿಗೆ ಬಂದರು. ಬೆಲ್‌ಫಾಸ್ಟ್ ಪಟ್ಟಣದ ಮೇ ಸ್ಟ್ರೀಟಿನಲ್ಲಿ ದವಾಖಾನೆ ಹಾಕಿದರು. ಆಗ ಊರ ಸರಕು ಸಾಗಾಟವೆಲ್ಲ ಕುದುರೆಗಳ ಮೇಲೆ. ಹಾಗಾಗಿ ಕೈತುಂಬ ಕೆಲಸ. ಲಾಳ ಬಡಿಯುವವರನ್ನೂ ಜೊತೆಗೆ ಇಟ್ಕೊಂಡಿದ್ದರು. ಐರ್ಲೆಂಡಿನ ದೊಡ್ಡ ಪಶು ದವಾಖಾನೆಗಳಲ್ಲಿ ಒಂದು ಅಂತ ಹೆಸರಾಯಿತು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಅವರ ಜೊತೆ ಮದುವೆ. ಒಬ್ಬ ಮಗಳು, ಒಬ್ಬ ಮಗ. ನಲವತ್ತೇಳನೆಯ ವಯಸ್ಸಿನ ತನಕ ಹೇಳಿಕೊಳ್ಳುವಂಥದ್ದು ಇಷ್ಟೇ. ಗಡ್ಡ ಬಿಟ್ಟ, ಊರಿಗೆ ಬೇಕಾದ, ಸಂಭಾವಿತ ಡಾಕ್ಟರು.

ದನದ ಡಾಕ್ಟರಿಗೆ ರಬ್ಬರ್ ಯಾಕೆ ಗೊತ್ತಿರಬೇಕು ಅಂತ ಕೇಳಬಹುದು. ಕೆಲಸದ ನಿಮಿತ್ತ ರಬ್ಬರ್ ಅವರ ಕೈಯಲ್ಲಿ ಆಡಿದ್ದ ವಸ್ತು. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಲ್ಕನೈಸಿಂಗ್ ವಿಧಾನದಿಂದ ರಬ್ಬರ್ ಬಿಸಿಲಿಗೆ ಅಂಟಾಗದೆ, ಚಳಿಗೆ ಪೆಡಸಾಗದೆ ಬಳಕೆಗೆ ಬರುವ ಹಾಗಾಗಿತ್ತು. ಗಂಧಕ ಹಾಕಿ ಕಾಸಿದರೆ ರಬ್ಬರಿನ ಉದ್ದನೆಯ ಎಳೆಗಳ ನಡುವೆ ಅಡ್ಡಗೊಂಡಿ ಬೀಳ್ತವೆ, ಎಳೆದರೂ ಮತ್ತೆ ಮೊದಲಿನ ಆಕಾರಕ್ಕೆ ಬರ್ತದೆ. ಇದು ಕೆಮಿಸ್ಟ್ರಿ ಸೈಕಲ್‌ನಲ್ಲಿ ಎಲ್ಲರೂ ಓದಿದ್ದೇ. ಡನ್‌ಲಪ್ ಓದಿದ್ದಲ್ಲ, ಕೈಯಲ್ಲಿ ಹಿಡಿದು ತಿಳಿದಿದ್ದು.

1887. ಮಗ ಜಾನಿಗೆ ಮೂರು ಗಾಲಿಯ ಸೈಕಲ್ ಇತ್ತು. ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸಿತ್ತು. ಸೈಕಲ್ಲಿನ ಗಾಲಿಗೆ ಗಟ್ಟಿ ಪಟ್ಟಿ. ಹುಡುಗ ತುಳಿದರೆ ಹಲ್ಲೆಲ್ಲ ಕಟಕಟ ಅನ್ನಬೇಕು, ಹಾಗಿತ್ತು ಸವಾರಿ. ಮಳೆಗಾಲ ಮುಗಿದ ಮೇಲೆ ರಾಮದುರ್ಗದ ಕಡೆ ಹಳ್ಳಿ ರಸ್ತೆಯಲ್ಲಿ ಬೈಕ್ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಮಾಡಿದ್ದು ಇಷ್ಟು. ಸುಮಾರು 96 ಸೆಂಟಿಮೀಟರ್ ಅಡ್ಡಳತೆಯ ಒಂದು ಮರದ ಬಿಲ್ಲೆ ತಗೊಂಡರು. ರಬ್ಬರ್ ಹಾಳೆಯಿಂದ ಒಂದು ಕೊಳವೆ ಮಾಡಿದರು. ಅದನ್ನು ಬಿಲ್ಲೆಯ ಅಂಚಿಗೆ ಸುತ್ತಿ, ಮೇಲೆ ನಾರುಬಟ್ಟೆ ಹಾಕಿ ಬಿಗಿದರು. ಬೆಲ್‌ಫಾಸ್ಟ್ ಅಂದ್ರೆ ಲಿನನ್ ನೇಯ್ಗೆಯ ಊರು, ಬಟ್ಟೆಗೇನೂ ಬರ ಇರಲಿಲ್ಲ. ಫುಟ್‌ಬಾಲಿಗೆ ಹವಾ ಹೊಡೆಯುವ ಪಂಪಿನಿಂದ ಹವಾ ತುಂಬಿದರು. ಆಮೇಲೆ ಅಂಗಳಕ್ಕೆ ಹೋಗಿ, ಮಗನ ಸೈಕಲ್ಲಿನ ಗಾಲಿ ಒಂದು, ಈ ಮರದ ಬಿಲ್ಲೆ ಒಂದು, ಎರಡನ್ನೂ ಉರುಳಿಸಿಬಿಟ್ಟರು. ಸೈಕಲ್ಲಿನ ಗಾಲಿ ಅಂಗಳ ದಾಟೋದ್ರೊಳಗೆ ಸುಸ್ತಾಗಿ ಬಿದ್ದಿತು. ಹವಾದ ಗಾಲಿ ಅಂಗಳದ ಆ ತುದಿಗೆ ಹೋಗಿ, ಗೇಟಿನ ಕಂಬಕ್ಕೆ ಹೊಡೆದು, ಪುಟಿದು ಹಿಂದಕ್ಕೆ ಬಂತು.

ಈ ಪ್ರಯೋಗದ ಬಗ್ಗೆ ಒಂದು ನಿಮಿಷ ನಿಲ್ಲಬೇಕು ಅನ್ನಿಸ್ತದೆ. ಲ್ಯಾಬ್ ಇಲ್ಲ, ಮೀಟರ್ ಇಲ್ಲ. ಆದರೆ ಪ್ರಯೋಗ ಪಕ್ಕಾ. ಒಂದೇ ನೆಲ, ಒಂದೇ ಕೈ, ಎರಡು ಗಾಲಿ, ಒಂದೇ ಪ್ರಶ್ನೆ: ಯಾವುದು ದೂರ ಹೋಗ್ತದೆ? ಡನ್‌ಲಪ್ ಹೊರಟಿದ್ದು ಮಗನ ಬೆನ್ನು ಉಳಿಸೋದಕ್ಕೆ. ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಹವಾದ ಗಾಲಿ ಮೆತ್ತಗೆ ಮಾತ್ರ ಅಲ್ಲ, ಹಗುರವಾಗಿಯೂ ಓಡ್ತದೆ. ಗಟ್ಟಿ ಗಾಲಿ ಕಲ್ಲು ಹತ್ತಬೇಕಾದರೆ ಇಡೀ ಗಾಡಿ, ಸವಾರ ಎಲ್ಲ ಮೇಲೇಳಬೇಕು. ಕಲ್ಲು ಕಲ್ಲಿಗೂ ಹೀಗೆ ಏಳೋದು, ದೊಪ್ಪನೆ ಬೀಳೋದು. ಹಾಕಿದ ಶಕ್ತಿ ಸದ್ದಾಗಿ, ಅದುರಾಗಿ ಹೋಗ್ತದೆ. ಹವಾದ ಗಾಲಿ ಕಲ್ಲನ್ನು ತನ್ನ ಹೊಟ್ಟೆಯೊಳಗೆ ತಗೊಳ್ತದೆ, ಗಾಡಿ ಇದ್ದ ಮಟ್ಟದಲ್ಲೇ ಇರ್ತದೆ. ಗಟ್ಟಿಯಾಗಿದ್ದದ್ದೇ ಚಲೋ ಉರುಳ್ತದೆ ಅನ್ನೋದು ಅಲ್ಲಿಯತನಕದ ತಿಳುವಳಿಕೆ. ಅದು ನುಣ್ಣನೆ ಹಳಿಯ ಮೇಲೆ ಖರೆ, ಕಲ್ಲಿನ ಬೀದಿಯಲ್ಲಿ ಸುಳ್ಳು.

ಸೈಕಲ್ಲಿನ ಹಿಂದಿನ ಎರಡು ಗಾಲಿಗೆ ಇಂಥ ಟೈರ್ ಕಟ್ಟಿದರು, ಹುಡುಗ ಬೀದಿಗಿಳಿದ. 1888ರಲ್ಲಿ ಡನ್‌ಲಪ್ ಪೇಟೆಂಟಿಗೆ ಅರ್ಜಿ ಹಾಕಿದರು, ಅದೇ ವರ್ಷದ ಡಿಸೆಂಬರ್ 7ಕ್ಕೆ ಮಂಜೂರಾಯಿತು.

1888 ಅನ್ನೋ ಇಸವಿ ನಮ್ಮ ಜಿಲ್ಲೆಯವರಿಗೂ ನೆನಪಿರಬೇಕಾದದ್ದು. ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ತಮ್ಮ ಅಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರು ಮಾಡಿದ್ದು ಅದೇ ವರ್ಷ. ಮುಂಬೈಯಿಂದ ಸೈಕಲ್ ಕೊಂಡು ಕಳಿಸೋದು ತಮ್ಮನ ಕೆಲಸ, ಬೆಳಗಾವಿಯಲ್ಲಿ ಅದನ್ನು ಮಾರೋದು, ಕೊಂಡವರಿಗೆ ಹತ್ತಲು ಕಲಿಸೋದು ಅಣ್ಣನ ಕೆಲಸ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ, ಹೀಗೆ ಆ ಕಥೆ ಬೇರೆ ದಿಕ್ಕಿಗೆ ಹೋಗ್ತದೆ. ಅದಕ್ಕೊಂದು ಬೇರೆ ಲೇಖನವೇ ಬೇಕು. ಇಲ್ಲಿ ಹೇಳಬೇಕಾದ್ದು ಇಷ್ಟೇ. ಬೆಲ್‌ಫಾಸ್ಟಿನ ಒಬ್ಬ ದನದ ಡಾಕ್ಟರು ಸೈಕಲ್ಲಿನ ಗಾಲಿಗೆ ಹವಾ ಕಟ್ಟುತ್ತಿದ್ದ ವರ್ಷದಲ್ಲೇ, ಮಲಪ್ರಭೆ ಸೀಮೆಯ ಒಬ್ಬ ಹುಡುಗ ಸೈಕಲ್ಲನ್ನೇ ನಂಬಿ ಧಂದೆ ಶುರು ಮಾಡಿದ್ದ. ಆಗ ಸೈಕಲ್ ಅಂದ್ರೆ ಇವತ್ತಿನ ಎಲೆಕ್ಟ್ರಿಕ್ ಕಾರಿನ ಹಾಗೆ, ಎಲ್ಲೆಲ್ಲೋ ಇರುವ ಚುರುಕು ತಲೆಗಳನ್ನೆಲ್ಲ ತನ್ನ ಕಡೆ ಎಳೀತಿದ್ದ ಯಂತ್ರ.

ಡನ್‌ಲಪ್ ಟೈರನ್ನು ಜನ ಮೊದಲು ನೋಡಿ ನಕ್ಕರು. ತೆಳ್ಳನೆ ಗಾಲಿ ನೋಡಿದ ಕಣ್ಣಿಗೆ ಅದು ಊದಿಕೊಂಡ ಕಡುಬಿನ ಹಾಗೆ ಕಂಡಿರಬೇಕು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಆಟೋಟದಲ್ಲಿ ವಿಲ್ಲೀ ಹ್ಯೂಮ್ ಅನ್ನೋ ಸವಾರ ಈ ಟೈರಿನ ಸೈಕಲ್ ತಂದ. ಅವನೇನೂ ಊರಿಗೆಲ್ಲ ಹೆಸರಾದ ಓಟಗಾರನಲ್ಲ. ಆವತ್ತು ನಾಲ್ಕು ಸೈಕಲ್ ಪಂದ್ಯ, ನಾಲ್ಕನ್ನೂ ಅವನೇ ಗೆದ್ದ. ನಗು ನಿಂತಿತು. ಸ್ವಲ್ಪ ದಿನಕ್ಕೆ ಲಿವರ್‌ಪೂಲಿಗೆ ಹೋಗಿ ಅಲ್ಲೂ ಗೆದ್ದ. ಸೋತವರ ಪೈಕಿ ಡಬ್ಲಿನ್ನಿನ ಹಾರ್ವಿ ಡೂ ಕ್ರಾಸ್ ಅನ್ನೋ ಕಾಗದದ ವ್ಯಾಪಾರಿಯ ಮಕ್ಕಳಿದ್ದರು. ಸೋತಿದ್ದಕ್ಕೆ ಮಕ್ಕಳು ಕೊರಗಿರಬಹುದು. ಅಪ್ಪ ಕೊರಗಲಿಲ್ಲ, ಆ ಟೈರ್ ಮಾಡುವ ಕಂಪನಿಯನ್ನೇ ಕಟ್ಟಿದರು. ಡನ್‌ಲಪ್ ತಮ್ಮ ಪೇಟೆಂಟನ್ನು ಶೇರುಗಳ ಬದಲಿಗೆ ಅವರಿಗೆ ಬರೆದುಕೊಟ್ಟರು. 1889 ಮುಗಿಯುವಷ್ಟರಲ್ಲಿ ಡಬ್ಲಿನ್ನಿನಲ್ಲಿ ಕಂಪನಿ ನಿಂತಿತ್ತು.

ಇಲ್ಲಿಯತನಕ ಎಲ್ಲ ಸುಸೂತ್ರ. ಮುಂದೆ ಎರಡು ಪೆಟ್ಟು, ಎರಡೂ ಬೆನ್ನುಬೆನ್ನಿಗೆ.

ಮೊದಲನೆಯದು ಕಾಗದದ ಪೆಟ್ಟು. ಹವಾ ತುಂಬಿದ ಗಾಲಿಗೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನೋ ಇನ್ನೊಬ್ಬ ಸ್ಕಾಟ್ಲೆಂಡಿನವರು ಪೇಟೆಂಟ್ ತಗೊಂಡಿದ್ದರು. ಆಗ ಅವರ ವಯಸ್ಸು 23. ಡನ್‌ಲಪ್ ಐದು ವರ್ಷದ ಕೂಸು. ರಬ್ಬರ್ ಹಚ್ಚಿದ ಕ್ಯಾನ್ವಾಸಿನ ಕೊಳವೆ, ಮೇಲೆ ಚರ್ಮದ ಕವಚ. ಲಂಡನ್ನಿನ ರೀಜೆಂಟ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ್ದರು. ಚೆನ್ನಾಗೇ ಓಡಿತ್ತು. ಆದರೆ ಆಗ ಸೈಕಲ್ ಇರಲಿಲ್ಲ, ಕಾರು ಇರಲಿಲ್ಲ, ಒಳ್ಳೆ ತೆಳ್ಳನೆ ರಬ್ಬರ್ ತುಟ್ಟಿ. ಕುದುರೆ ಗಾಡಿಯ ಸಾಹುಕಾರರಿಗೆ ಅವಸರವೂ ಇರಲಿಲ್ಲ. ಯಾರಿಗೂ ಬೇಡವಾಗಿ ಮರೆತುಹೋಯಿತು. ಥಾಮ್ಸನ್ ಸುಮ್ಮನೆ ಕೂರುವ ಜೀವ ಅಲ್ಲ. ಮುಂದೆ ಗಟ್ಟಿ ರಬ್ಬರ್ ಪಟ್ಟಿಯ ಗಾಲಿ ಹಾಕಿ ರಸ್ತೆ ಮೇಲೆ ಓಡುವ ಸ್ಟೀಮ್ ಎಂಜಿನ್ ಮಾಡಿದರು. 1870ರ ಹೊತ್ತಿಗೆ ಆ ಎಂಜಿನ್ ಭಾರತಕ್ಕೂ ಬಂತು, ತಂದು ಓಡಿಸಿದವರು ಕ್ರಾಂಪ್ಟನ್ ಅನ್ನೋ ಸೈನ್ಯದ ಅಧಿಕಾರಿ. ನಮ್ಮ ಹಾಸ್ಟೆಲ್ಲಿನ ಫ್ಯಾನಿನ ಮೇಲೆ ಬರೆದಿರ್ತದಲ್ಲ, ಅದೇ ಕ್ರಾಂಪ್ಟನ್. ಥಾಮ್ಸನ್ 1873ರಲ್ಲಿ ತೀರಿಕೊಂಡರು.

ಡನ್‌ಲಪ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. 1890ರಲ್ಲಿ ಅವರ ಪೇಟೆಂಟ್ ಊರ್ಜಿತ ಅಲ್ಲ ಅಂತ ಆಯಿತು. ಕಂಪನಿ ಕಟ್ಟಿ ವರ್ಷ ಕಳೆದಿದೆ, ಕೈಯಲ್ಲಿದ್ದ ಹಕ್ಕೇ ಇಲ್ಲ. ಯಾರು ಬೇಕಾದರೂ ಹವಾದ ಗಾಲಿ ಮಾಡಬಹುದು. ಫೈನಲ್ ಇಯರ್ ಪ್ರಾಜೆಕ್ಟಿಗೆ ಟೈಟಲ್ ಕೊಟ್ಟು, ಗೈಡ್ ಒಪ್ಪಿ, ಅರ್ಧ ಮಾಡಿದ ಮೇಲೆ ಅದೇ ವಿಷಯ 43 ವರ್ಷದ ಹಿಂದೆ ಯಾರೋ ಮಾಡಿಟ್ಟಿದ್ದಾರೆ ಅಂತ ಗೊತ್ತಾದರೆ ಹೇಗಿರ್ತದೋ ಹಾಗೆ. ಲಿಟರೇಚರ್ ಸರ್ವೆ ಅನ್ನೋದನ್ನು ನಮ್ಮ ಮೇಷ್ಟ್ರುಗಳು ಸುಮ್ಮನೆ ಬಡ್ಕೊಳ್ಳೋದಿಲ್ಲ.

ಎರಡನೆಯ ಪೆಟ್ಟು ಮೊಳೆಯದ್ದು. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು, ಯಾಕಂದ್ರೆ ಇದಕ್ಕೆ ಕೋರ್ಟಿನಲ್ಲಿ ಉತ್ತರ ಸಿಗೋದಿಲ್ಲ.

ಡನ್‌ಲಪ್ ಟೈರ್ ಕಟ್ಟಿದ ರೀತಿ ನೋಡ್ರಿ. ಒಳಗೆ ರಬ್ಬರ್ ಕೊಳವೆ, ಅದರ ಮೇಲೆ ಬಟ್ಟೆ, ಆ ಬಟ್ಟೆಯನ್ನು ರಿಮ್ಮಿಗೆ ಸುತ್ತಿ ರಬ್ಬರ್ ಸೊಲ್ಯೂಷನ್ನಿನಿಂದ ಅಂಟಿಸಿಬಿಟ್ಟಿದ್ದು. ಟೈರು ಗಾಲಿ ಎರಡೂ ಒಂದೇ ಮೈ. ಕುದುರೆಗಳು ಓಡಾಡುವ ಬೀದಿ ಅಂದ ಮೇಲೆ ಲಾಳದ ಮೊಳೆ ಬಿದ್ದಿರೋದೇ. (ದವಾಖಾನೆಯಲ್ಲಿ ಲಾಳ ಬಡಿಸುವ ಡಾಕ್ಟರ ಟೈರಿಗೆ ಲಾಳದ ಮೊಳೆಯೇ ವೈರಿ!) ಒಂದು ಮೊಳೆ ಹೊಕ್ಕಿತು ಅಂದ್ರೆ ತೂತು ಒಳಗಿನ ಕೊಳವೆಯಲ್ಲಿ. ಅಲ್ಲಿಗೆ ಕೈ ಹಾಕಬೇಕಾದರೆ ಅಂಟಿಸಿದ್ದನ್ನೆಲ್ಲ ನೆನೆಸಿ ಬಿಡಿಸಬೇಕು, ತೇಪೆ ಹಾಕಬೇಕು, ಮತ್ತೆ ಸುತ್ತಬೇಕು, ಅಂಟಿಸಬೇಕು, ಒಣಗೋ ತನಕ ಕಾಯಬೇಕು. ನಡುದಾರಿಯಲ್ಲಿ ಇದು ಆಗೋ ಮಾತಲ್ಲ. ಪಂದ್ಯ ಗೆಲ್ಲಿಸುವ ಗಾಲಿ ಅದು, ಊರು ಮುಟ್ಟಿಸುವ ಗಾಲಿ ಅಲ್ಲ.

ಈ ಗಂಟು ಬಿಡಿಸಿದವರು ಬೇರೆಯವರು. 1890ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಅನ್ನೋ ಇಂಗ್ಲೆಂಡಿನ ಎಂಜಿನಿಯರ್ ಟೈರಿನ ಎರಡು ಅಂಚಿಗೂ ಹಿಗ್ಗದ ಉಕ್ಕಿನ ತಂತಿ ಬಳೆ ಹಾಕಿದರು. ರಿಮ್ಮಿನ ನಡುವೆ ಒಂದು ತಗ್ಗು ಬಿಟ್ಟರು. ಅಂಚಿನ ಒಂದು ಬದಿಯನ್ನು ಆ ತಗ್ಗಿಗೆ ಇಳಿಸಿದರೆ ಇನ್ನೊಂದು ಬದಿ ರಿಮ್ಮು ದಾಟಿ ಆಚೆ ಬರ್ತದೆ. ಹವಾ ತುಂಬಿದರೆ ಅಂಚು ತಾನಾಗಿ ರಿಮ್ಮಿನ ತೋಳಿಗೆ ಬಿಗಿದು ಕೂರ್ತದೆ. ಇವತ್ತು ಪಂಚರ್ ಅಂಗಡಿಯವರು ಪಟ್ಟಿ ಹಾಕಿ ಟೈರ್ ಬಿಚ್ಚುವಾಗ ಎದುರು ಬದಿಯನ್ನು ಕಾಲಲ್ಲಿ ತುಳಿದು ಕೆಳಗೆ ಒತ್ತಿ ಹಿಡೀತಾರಲ್ಲ, ಆ ತುಳಿತದ ಹಿಂದಿರೋದು ವೆಲ್ಚ್ ಲೆಕ್ಕ. ಅದೇ ವರ್ಷ ಅಕ್ಟೋಬರಿನಲ್ಲಿ ಎಡಿನ್‌ಬರ್ಗಿನ ರಬ್ಬರ್ ಕಂಪನಿಯೊಂದರ ವಿಲಿಯಂ ಬಾರ್ಟ್‌ಲೆಟ್ ಇನ್ನೊಂದು ದಾರಿ ಹುಡುಕಿದರು. ರಿಮ್ಮಿನ ಕೊಕ್ಕೆಯಂಥ ಅಂಚಿನೊಳಗೆ ಟೈರಿನ ದಪ್ಪ ಅಂಚು ಸಿಕ್ಕಿಸಿ ಕೂರುವ ಉಪಾಯ. ಡೂ ಕ್ರಾಸ್ ಇಬ್ಬರ ಹಕ್ಕುಗಳನ್ನೂ ಕೊಂಡುಬಿಟ್ಟರು. ಹೋದ ಪೇಟೆಂಟಿನ ಜಾಗಕ್ಕೆ ಎರಡು ಹೊಸ ಪೇಟೆಂಟು ಬಂದವು. ಕಂಪನಿ ಉಳಿದದ್ದು ಹೀಗೆ. 1891ರಲ್ಲಿ ವುಡ್ಸ್ ಅನ್ನೋರು ವಾಲ್ವ್ ಮಾಡಿದರು. ಹಳೆ ಸೈಕಲ್ಲಿನ ವಾಲ್ವಿಗೆ ಸಣ್ಣ ರಬ್ಬರ್ ನಳಿಕೆ ಏರಿಸ್ತಿದ್ದೆವಲ್ಲ, ವಾಲ್ ಟ್ಯೂಬ್ ಅಂತ, ಅದು ಇದೇ. ಅದಕ್ಕೂ ಬಹಳ ಕಡೆ ಡನ್‌ಲಪ್ ವಾಲ್ವ್ ಅನ್ನೋ ಹೆಸರೇ ಬಿತ್ತು, ಮಾಡಿದವರು ವುಡ್ಸ್ ಆದರೂ.

ಫ್ರಾನ್ಸಿನಲ್ಲಿ ಇನ್ನೂ ಮಜಾ ನಡೀತು. ಕ್ಲೆರ್ಮಾಂ ಫೆರಾಂ ಊರಿನ ರಬ್ಬರ್ ಕಾರ್ಖಾನೆಗೆ ಒಬ್ಬ ಸವಾರ ಪಂಚರ್ ಆದ ಡನ್‌ಲಪ್ ಟೈರ್ ತಂದನಂತೆ. ಬಿಚ್ಚಿ ತೇಪೆ ಹಾಕೋದಕ್ಕೆ ಮೂರು ತಾಸು, ಒಣಗೋದಕ್ಕೆ ಒಂದು ರಾತ್ರಿ. ಕಾರ್ಖಾನೆ ನಡೆಸ್ತಿದ್ದ ಎದುವಾರ್ ಮಿಷೆಲಿನ್ ಆ ಸೈಕಲ್ ಹತ್ತಿ ನೋಡಿದರು, ಸವಾರಿಗೆ ಮರುಳಾದರು, ರಿಪೇರಿಗೆ ಬೇಸತ್ತರು. 1891ರಲ್ಲಿ ಅಣ್ಣ ಆಂದ್ರೆ ಜೊತೆ ಸೇರಿ ಬಿಚ್ಚಿ ಹಾಕುವ ಟೈರ್ ತಂದರು. ಅದೇ ವರ್ಷ ಪ್ಯಾರಿಸ್ ಬ್ರೆಸ್ಟ್ ಪ್ಯಾರಿಸ್ ಪಂದ್ಯವನ್ನು ಶಾರ್ಲ್ ತೆರೋಂ ಆ ಟೈರಿನ ಮೇಲೆ ಗೆದ್ದ. ಇಷ್ಟಕ್ಕೇ ಅಣ್ಣತಮ್ಮಂದಿರಿಗೆ ಸಮಾಧಾನ ಇಲ್ಲ. 1892ರಲ್ಲಿ ಪ್ಯಾರಿಸ್ಸಿನಿಂದ ತಮ್ಮೂರಿಗೆ ಒಂದು ಪಂದ್ಯ ಇಟ್ಟು, ದಾರಿಯ ಮೇಲೆ ತಾವೇ ಮೊಳೆ ಚೆಲ್ಲಿಸಿದರು! ಪಂಚರ್ ಆಗಲಿ, ಆದರೆ ಎಷ್ಟು ಬೇಗ ಸರಿ ಮಾಡಬಹುದು ಅಂತ ಜನ ಕಣ್ಣಾರೆ ನೋಡಲಿ ಅನ್ನೋದು ಲೆಕ್ಕ. ಮೊಳೆ ಚೆಲ್ಲಿ ಗಿರಾಕಿ ಹಿಡಿಯೋದು ಅಂದ್ರೆ ಇದು. ನಮ್ಮ ಹೆದ್ದಾರಿಯ ಅಲ್ಲಲ್ಲಿ ಈ ವಿದ್ಯೆ ಬೇರೆ ಉದ್ದೇಶಕ್ಕೆ ನಡೀತದೆ ಅಂತ ಜನ ಗುಮಾನಿ ಪಡೋದುಂಟು, ಅದು ಬಿಡ್ರಿ.

ಈಗ ಬೈಲಹೊಂಗಲ ರಸ್ತೆಯಲ್ಲಿ ನಿಲ್ಲಿಸಿದ ಕಾರಿಗೆ ಬರೋಣ. ಸ್ಕ್ರೂ ಹೊಕ್ಕ ಮೇಲೂ ಟೈರ್ ಕೂರದೆ ಇರೋದು ಯಾಕೆ? ಈಗಿನ ಕಾರಿನ ಗಾಲಿಯೊಳಗೆ ಟ್ಯೂಬಿಲ್ಲ. 1940ರ ದಶಕದಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ಬಳಕೆಗೆ ತಂದ ಟ್ಯೂಬ್‌ಲೆಸ್ ಟೈರಿನ ವಂಶ ಇದು. ಟೈರಿನ ಒಳಮೈಗೇ ಹವಾ ಬಿಡದ ಬ್ಯುಟೈಲ್ ಜಾತಿಯ ರಬ್ಬರಿನ ತೆಳು ಲೇಪ ಇರ್ತದೆ, ಅಂಚು ರಿಮ್ಮಿಗೆ ಬಿಗಿದು ಕೂತಿರ್ತದೆ. ಟ್ಯೂಬಿನ ಟೈರಾದರೆ ಮೊಳೆ ಟ್ಯೂಬನ್ನು ಚುಚ್ಚಿದ ಕೂಡಲೇ ಹವಾ ಟ್ಯೂಬಿನಿಂದ ಟೈರಿನ ಸಂದಿಗೆ, ಅಲ್ಲಿಂದ ರಿಮ್ಮಿನ ತೂತುಗಳಿಗೆ ನುಗ್ಗಿ ಸರಸರ ಹೊರಗೆ ಹೋಗ್ತದೆ. ಟ್ಯೂಬ್‌ಲೆಸ್ಸಿನಲ್ಲಿ ಹವಾಕ್ಕೆ ಇರೋದು ಒಂದೇ ದಾರಿ, ಸ್ಕ್ರೂ ಕೊರೆದ ತೂತು. ಆ ತೂತಿನಲ್ಲಿ ಸ್ಕ್ರೂ ತಾನೇ ಬಿರಡೆಯಾಗಿ ಕೂತಿದೆ. ದಪ್ಪ ರಬ್ಬರ್ ಅದರ ಸುರುಳಿಗೆರೆಗಳನ್ನು ಅಪ್ಪಿ ಹಿಡಿದಿದೆ. ಹಾಗಾಗಿ ಹವಾ ಇಳಿದರೂ ನಿಧಾನ ಇಳೀತದೆ, ಎಷ್ಟೋ ಸಲ ದಿನಗಟ್ಟಲೆ.

ಅಂದ ಮೇಲೆ ಮುಟ್ಟಬೇಡ್ರಿ ಅಂದವನ ಮಾತೇ ಸರಿ. ನಡುದಾರಿಯಲ್ಲಿ ಸ್ಕ್ರೂ ಕಿತ್ತರೆ ಬಿರಡೆ ತೆಗೆದ ಹಾಗೆ. ಮೊದಲು ಕಿವಿಗೊಟ್ಟು ಕೇಳಬೇಕು, ಸುಯ್ ಅಂತಿದೆಯಾ. ಬಾಟಲಿ ನೀರಿಗೆ ಸೋಪಿದ್ದರೆ ಹಾಕಿ ಸುರಿದರೆ ಗುಳ್ಳೆ ಏಳೋದು ಕಾಣ್ತದೆ. ಹವಾ ನೋಡುವ ಗೇಜಿದ್ದರೆ ಇನ್ನೂ ಚಲೋ. ಬಹುತೇಕ ಸಣ್ಣ ಕಾರಿಗೆ 30ರಿಂದ 33 ಪಿಎಸ್ಐ ಇರಬೇಕು, ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಿರ್ತದೆ. ಹವಾ ಸರಿ ಇದ್ದರೆ ನಿಧಾನ ಓಡಿಸ್ಕೊಂಡು ಮುಂದಿನ ಅಂಗಡಿಗೆ ಹೋಗಬಹುದು. ಇಳಿದಿದ್ದರೆ ಓಡಿಸಬಾರದು, ಸ್ಟೆಪ್ನಿ ಹಾಕಬೇಕು. 1,200 ಕಿಲೋ ಕಾರು, ಗಾಲಿಗೆ 300 ಕಿಲೋ ಅಂತ ಹಿಡೀರಿ. 32 ಪಿಎಸ್ಐ ಅಂದ್ರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಹತ್ತಿರಹತ್ತಿರ 133 ಚದರ ಸೆಂಟಿಮೀಟರ್, ಒಂದು ಪೋಸ್ಟ್ ಕಾರ್ಡಿಗಿಂತ ಚೂರು ಜಾಸ್ತಿ. ಹವಾ ಅರ್ಧಕ್ಕಿಳಿದರೆ ಆ ಜಾಗ ಎರಡರಷ್ಟಾಗಬೇಕು, ಅಂದ್ರೆ ಟೈರಿನ ಪಕ್ಕೆ ಸುತ್ತಿ ಸುತ್ತಿಗೂ ಮಡಚಿ ಬಿಡಿಸಿ ಮಡಚಿ ಕಾಯ್ತದೆ. ಹತ್ತು ರೂಪಾಯಿ ಸ್ಕ್ರೂವಿಗೆ ಸಾವಿರಾರು ರೂಪಾಯಿ ಟೈರ್ ಹೋಗೋದು ಹೀಗೆ.

ಹಿಂದಿನ ಗಾಲಿಗೇ ಜಾಸ್ತಿ ಹೊಕ್ಕೋದು ಯಾಕೆ ಅಂದ್ರೆ, ಮಲಗಿದ್ದ ಮೊಳೆಯನ್ನು ಮುಂದಿನ ಗಾಲಿ ಎಬ್ಬಿಸಿ ನಿಲ್ಲಿಸ್ತದೆ, ಹಿಂದಿನದು ಬಂದು ಅದರ ಮೇಲೆ ಕೂರ್ತದೆ.

ಅಂಗಡಿಯಲ್ಲಿ ಮಾಡುವ ಕೆಲಸವೂ ನೋಡೋ ಹಾಗಿರ್ತದೆ. ಸ್ಕ್ರೂವನ್ನು ಇಕ್ಕಳದಿಂದ ಜಗ್ಗಬಾರದು, ಸ್ಕ್ರೂ ಡ್ರೈವರಿನಿಂದ ಬಂದ ದಾರಿಯಲ್ಲೇ ತಿರುವಿ ತೆಗೀಬೇಕು. ಜಗ್ಗಿದರೆ ರಬ್ಬರ್ ಹರೀತದೆ. ಕೆಲವೊಮ್ಮೆ ಅರ್ಧ ಇಂಚಿನ ಸಣ್ಣ ಸ್ಕ್ರೂ ಒಳಗೆ ಮುಟ್ಟಿರೋದೇ ಇಲ್ಲ. ಹೊಸ ಟೈರಿನ ಗೀರೇ ಸುಮಾರು 8 ಮಿಲಿಮೀಟರ್ ಆಳ, ಅದರ ಕೆಳಗೆ ಇನ್ನೂ ರಬ್ಬರ್, ಉಕ್ಕಿನ ತಂತಿಯ ಪಟ್ಟಿ, ಬಟ್ಟೆಯ ಪದರ ಇರ್ತವೆ. ಒಳಗೆ ಹೋಗಿದ್ದರೆ ತೂತನ್ನು ಅರದಂಥ ಮೊನೆಯಿಂದ ಉಜ್ಜಿ, ಅಂಟು ಹಚ್ಚಿದ ರಬ್ಬರ್ ಬತ್ತಿಯನ್ನು ಸೂಜಿಯಲ್ಲಿ ಪೋಣಿಸಿ ಒಳಗೆ ನೂಕಿ, ಸೂಜಿ ಮಾತ್ರ ಹೊರಗೆಳೀತಾರೆ. ಐದು ನಿಮಿಷದ ಕೆಲಸ. ದೂರ ಓಡುವ ಗಾಡಿಯಾದರೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆ ಆಕಾರದ ತೇಪೆ ಹಾಕಿಸೋದು ಇನ್ನೂ ಭದ್ರ. ತೂತು ನೆಲಕ್ಕೆ ತಾಗುವ ಭಾಗದಲ್ಲಿದ್ದು 6 ಮಿಲಿಮೀಟರಿನೊಳಗಿದ್ದರೆ ಈ ರಿಪೇರಿ ನಡೀತದೆ. ಪಕ್ಕೆಗೆ ಹೊಕ್ಕಿದ್ದರೆ ನಡೆಯೋದಿಲ್ಲ, ಅದು ಸದಾ ಮಡಚುವ ಜಾಗ, ಬತ್ತಿ ನಿಲ್ಲೋದಿಲ್ಲ, ಟೈರ್ ಬದಲಿಸಬೇಕು. ಅಂಗಡಿಯವರು ಹಾಕಿಕೊಡ್ತೀನಿ ಅಂದರೂ ಒಪ್ಪಬಾರದು.

ಸ್ಟೆಪ್ನಿ ಅಂದೆನಲ್ಲ, ಅದೂ ಒಂದು ಊರಿನ ಓಣಿಯ ಹೆಸರು. ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಅಣ್ಣತಮ್ಮಂದಿರು 1904ರಲ್ಲಿ ಕಾರಿಗೆ ಬಿಡಿ ಗಾಲಿ ಮಾಡಿ ಮಾರಿದರು. ಆ ಹೆಸರು ನಮ್ಮ ಕಿತ್ತೂರಿನ ಟೆಂಪೋ ಡ್ರೈವರ್ ಬಾಯಲ್ಲಿ ಇವತ್ತಿಗೂ ಜೀವಂತ ಇದೆ.

ಡನ್‌ಲಪ್ ಕಡೆ ಏನಾಯಿತು? 1892ರಲ್ಲಿ ದವಾಖಾನೆ ಬಿಟ್ಟು ಡಬ್ಲಿನ್ನಿಗೆ ಹೋದರು. ಕಂಪನಿ ಬೆಳೀತಿತ್ತು, ಆದರೆ ಅದು ಅವರ ಕೈಯಲ್ಲಿರಲಿಲ್ಲ. ಮಾರಾಟದ ಬುದ್ಧಿ ಡೂ ಕ್ರಾಸ್ ಅವರದು, ಬಿಚ್ಚಿ ಹಾಕುವ ಟೈರು ವೆಲ್ಚ್ ಮತ್ತು ಬಾರ್ಟ್‌ಲೆಟ್ ಅವರದು, ಮೂಲ ಕಲ್ಪನೆಯ ಹಕ್ಕು ಸತ್ತುಹೋದ ಥಾಮ್ಸನ್ ಅವರದು. ಡನ್‌ಲಪ್ ಪಾಲಿಗೆ ಉಳಿದದ್ದು ಹೆಸರು ಮತ್ತು ಗಡ್ಡದ ಮುಖ. ಆ ಮುಖ ಕಂಪನಿಯ ಗುರುತಾಯಿತು. 1895ರ ಸುಮಾರಿಗೆ ಅವರು ಕಂಪನಿಯಿಂದ ದೂರ ಸರಿದರು. ಮರುವರ್ಷವೇ, 1896ರಲ್ಲಿ, ಟೆರಾ ಹೂಲಿ ಅನ್ನೋ ದಲ್ಲಾಳಿ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು, 50 ಲಕ್ಷ ಪೌಂಡಿಗೆ ಮತ್ತೆ ಮಾರಿಬಿಟ್ಟ. ಹೊಸ ಕಂಪನಿಯ ಹೆಸರಿನಲ್ಲಿ ಡನ್‌ಲಪ್ ಇತ್ತು, ಲಾಭದಲ್ಲಿ ಇರಲಿಲ್ಲ.

ಇದನ್ನು ಓದಿ ಅಯ್ಯೋ ಪಾಪ ಅನ್ನೋರು ಬಹಳ. ನನಗೆ ಅಷ್ಟು ಅನ್ನಿಸೋದಿಲ್ಲ. ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ಪಾಲಿಟ್ಟುಕೊಂಡು ನೆಮ್ಮದಿಯಾಗೇ ಇದ್ದರು, ಬಡತನ ಏನೂ ಬರಲಿಲ್ಲ. ಇನ್ನು ಕೀರ್ತಿಯ ಮಾತು. ಹವಾ ಗಾಲಿಯ ಮೊದಲ ಕಲ್ಪನೆ ಅವರದಲ್ಲ ಅನ್ನೋದು ಖರೆ. ಆದರೆ ಥಾಮ್ಸನ್ ಗಾಲಿ ಓಡಿ ನಿಂತಿತು, ಡನ್‌ಲಪ್ ಗಾಲಿ ಓಡಿದ್ದು ನಿಲ್ಲಲಿಲ್ಲ. ಸೈಕಲ್ ಊರೂರಿಗೆ ಬರುವ ಹೊತ್ತಿಗೆ ಸರಿಯಾಗಿ ಅವರು ಅಂಗಳದಲ್ಲಿ ಬಿಲ್ಲೆ ಉರುಳಿಸಿದರು. ಅವರ ಟೈರಿನ ಸವಾರಿ ಅಷ್ಟು ಹಿತ ಇರದಿದ್ದರೆ ವೆಲ್ಚ್ ಆಗಲಿ ಮಿಷೆಲಿನ್ ಆಗಲಿ ಅದರ ಪಂಚರಿಗೆ ಯಾಕೆ ತಲೆ ಕೆಡಿಸ್ಕೊಳ್ತಿದ್ದರು?

ಅವರಿಗೆ ತಾನು ಮಾಡಿದ್ದನ್ನು ದಾಖಲಿಸಬೇಕು ಅನ್ನೋ ಹಟ ಮಾತ್ರ ಇತ್ತು. ಹವಾ ಟೈರಿನ ಇತಿಹಾಸವನ್ನು ಬರೆದಿಟ್ಟರು. 1921ರ ಅಕ್ಟೋಬರಿನಲ್ಲಿ ಒಂದು ಥಂಡಿ ಹತ್ತಿತು, ಅದೇ ನೆಪವಾಗಿ 23ರಂದು ತೀರಿಕೊಂಡರು. ಡಬ್ಲಿನ್ನಿನ ಡೀನ್ಸ್ ಗ್ರೇಂಜ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪುಸ್ತಕವನ್ನು ಮಗಳು ಜೀನ್ ಅವರ ಮರಣದ ನಂತರ ಹೊರತಂದರು. ಉತ್ತರ ಐರ್ಲೆಂಡಿನ ಒಂದು ಬ್ಯಾಂಕು ತನ್ನ ಹತ್ತು ಪೌಂಡಿನ ನೋಟಿನ ಮೇಲೆ ಅವರ ಮುಖ ಅಚ್ಚು ಹಾಕಿತು.

ಅವರ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಸಾಹಾಗಂಜಿನಲ್ಲಿ ಕಾರ್ಖಾನೆ ಹಾಕಿತು. ಅಲ್ಲಿಂದ ಮುಂದೆ ಭಾರತದಲ್ಲಿ ಕಾರು ಲಾರಿಯ ಜೊತೆ ಇನ್ನೊಂದು ಜಾತಿಯ ಟೈರೂ ಬಳಕೆಗೆ ಬಂತು. ಟೈರಿನ ಪಕ್ಕೆಯ ಮೇಲೆ ಎಡಿವಿ ಅಂತ ಮೂರು ಅಕ್ಷರ ಇರ್ತವೆ, ಅಂದ್ರೆ ದನ ಎಳೆಯುವ ಗಾಡಿಯದು. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಡಿದ ಚಕ್ಕಡಿ ಎರಿಹೊಲದ ಹಸಿ ಮಣ್ಣಿನಲ್ಲಿ ಹೂತು ನಿಲ್ತಿದ್ದಾಗ, ರಬ್ಬರ್ ಗಾಲಿಯ ಗಾಡಿ ಅದೇ ಜೋಡಿ ಎತ್ತಿನಿಂದ ಹೆಚ್ಚು ಹೇರು ಎಳೆಸ್ತಿತ್ತು. ಎತ್ತಿನ ಹೆಗಲು ಸವೆಯೋದೂ ಕಡಿಮೆ. ದನದ ಡಾಕ್ಟರು ಮಗನಿಗೆ ಅಂತ ಕಟ್ಟಿದ ಗಾಲಿ ಕೊನೆಗೆ ದನಗಳಿಗೇ ಒದಗಿತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಸಾಲುಗಟ್ಟಿ ಬರುವ ಚಕ್ಕಡಿಗಳಲ್ಲಿ ಎರಡೂ ಬಗೆಯ ಗಾಲಿ ಇವತ್ತೂ ಕಾಣ್ತವೆ. ರಬ್ಬರ್ ಗಾಲಿಯದಕ್ಕೆ ಒಂದೇ ತಾಪತ್ರಯ. ಮುಂದೆ ಹೋದ ಎತ್ತಿನ ಲಾಳದಿಂದ ಕಳಚಿದ ಮೊಳೆ ಹೊಕ್ಕರೆ, ಕೊರಳು ಬಿಚ್ಚಿ ಎತ್ತುಗಳನ್ನು ನೆರಳಿಗೆ ಕಟ್ಟಿ, ಗಾಲಿ ಹೊತ್ತುಕೊಂಡು ಪಂಚರ್ ಅಂಗಡಿ ಹುಡುಕಬೇಕು.